ಬೇರು ಯಾಕೆ ಉಬ್ಬಿತು

ಕೇಳುಗರಿಗೆಲ್ಲ ಶರಣು.

ಹೋದ ಮಳೆಗಾಲದಲ್ಲಿ ಕೊಲ್ಹಾರದ ಕಡೆ ನಮ್ಮ ಕಾಕಾ ಅವರ ಹೊಲಕ್ಕೆ ಹೋಗಿದ್ದೆ. ಉಳ್ಳಾಗಡ್ಡಿ ಸಸಿ ಹಚ್ಚಿ ಎರಡು ವಾರ ಆಗಿತ್ತು. ಹಚ್ಚಿದ ಬೆನ್ನಿಗೇ ಪೆಂಡಿಮೆಥಾಲಿನ್ ಅನ್ನುವ ಕಸದ ಎಣ್ಣಿ, ಅಂದರೆ ಕಳೆನಾಶಕ, ಹೊಡೆಸಿದ್ದರು. ಕಾಕಾ ಬದುವಿನ ಮೇಲೆ ಕೂತು, ಮೊಳಕೆ ಒಡೆದು ಅಲ್ಲಿಗೇ ನಿಂತಿದ್ದ ಒಂದು ಹುಲ್ಲಿನ ಕುಡಿಯನ್ನು ಕಿತ್ತು ನನ್ನ ಅಂಗೈ ಮೇಲಿಟ್ಟರು.

"ಕಾಲೇಜಿನ್ಯಾಗ ಇದನ್ನ ಕಲಸ್ತೀಯಲ್ಲ, ನೋಡಿ ಹೇಳು. ಸುಟ್ಟಿಲ್ಲ, ಬಾಡಿಲ್ಲ. ಬೇರಷ್ಟ ಹಿಂಗ್ಯಾಕ ಗುಂಡಗ ಉಬ್ಬೈತಿ?"

ಬೇರು ಮೋಟಾಗಿತ್ತು. ತುದಿ ಸಣ್ಣದೊಂದು ಗದೆಯ ಹಾಗೆ ದಪ್ಪಗಾಗಿತ್ತು. ಮೋಟಾಗಿದ್ದಕ್ಕೆ ಒಂದು ಕಾರಣ, ಉಬ್ಬಿದ್ದಕ್ಕೆ ಇನ್ನೊಂದು. ಆದರೆ ಎರಡರ ಮೂಲವೂ ಒಂದೇ. ಆ ಮೂಲದ ಮಾತನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಗಿಡ, ಕುರಿ, ಮನುಷ್ಯ, ಬೂಷ್ಟು, ಯಾವುದರ ಜೀವಕೋಶದ ಒಳಗೆ ನೋಡಿದರೂ ಕೂದಲಿಗಿಂತ ಎಷ್ಟೋ ಪಾಲು ಸಪೂರವಾದ ಕೊಳವೆಗಳಿರುತ್ತವೆ. ಅವಕ್ಕೆ ಮೈಕ್ರೋಟ್ಯೂಬ್ಯೂಲ್ ಎನ್ನುತ್ತಾರೆ. ಒಂದರ ದಪ್ಪ 25 ನ್ಯಾನೋಮೀಟರ್. ಒಂದು ಮಿಲಿಮೀಟರ್ ಜಾಗದಲ್ಲಿ ಪಕ್ಕಪಕ್ಕಕ್ಕೆ ಜೋಡಿಸಿದರೆ 40,000 ಕೊಳವೆ ಹಿಡಿಸುತ್ತವೆ. ಟ್ಯೂಬ್ಯುಲಿನ್ ಅನ್ನುವ ಪ್ರೋಟೀನು ಇದರ ಇಟ್ಟಂಗಿ. ಅದರ 13 ಸಾಲು ದುಂಡಗೆ ನಿಂತರೆ ಒಂದು ಕೊಳವೆ.

ಮನೆ ಕಟ್ಟಿದ ಇಟ್ಟಂಗಿ ನೂರು ವರ್ಷ ಅಲ್ಲಾಡುವುದಿಲ್ಲ. ಇದು ಹಾಗಲ್ಲ. ಸಂಕ್ರಮಣದ ಹೊತ್ತಿಗೆ ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಅಂಗಡಿಗಳು ಏಳುತ್ತವಲ್ಲ, ಅದರ ಹಾಗೆ. ಜಾತ್ರೆ ಮುಗಿದರೆ ಕಂಬ, ತಗಡು ಎಲ್ಲ ಬಿಚ್ಚಿ ಮುಂದಿನ ಊರಿಗೆ ಹೋಗುತ್ತವೆ. ಕೋಶದಲ್ಲಿ ಈ ಕಟ್ಟುವುದು, ಬಿಚ್ಚುವುದು ನಿಮಿಷ ನಿಮಿಷಕ್ಕೂ ನಡೆದಿರುತ್ತದೆ. 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್ ಎಂಬ ವಿಜ್ಞಾನಿಗಳು ಒಂದು ಅಚ್ಚರಿಯ ಸಂಗತಿ ಹೇಳಿದರು. ಅಕ್ಕಪಕ್ಕದ ಎರಡು ಕೊಳವೆಗಳಲ್ಲಿ ಒಂದು ಉದ್ದಕ್ಕೆ ಬೆಳೆಯುತ್ತಿರುವಾಗಲೇ ಇನ್ನೊಂದು ಕುಸಿಯುತ್ತಿರುತ್ತದೆ. ಹೊಸದಾಗಿ ಬಂದು ಕೂರುವ ಇಟ್ಟಂಗಿ ತನ್ನ ಜೊತೆ ಜಿಟಿಪಿ ಎಂಬ ಶಕ್ತಿಯ ಕಣವನ್ನು ತಂದಿರುತ್ತದೆ. ಕೂತು ಸ್ವಲ್ಪ ಹೊತ್ತಾದ ಮೇಲೆ ಆ ಕಣ ಒಡೆದು ಖರ್ಚಾಗುತ್ತದೆ. ತುದಿಯಲ್ಲಿ ಹೊಸ ಇಟ್ಟಂಗಿಗಳ ಟೊಪ್ಪಿಗೆ ಇರುವತನಕ ಕೊಳವೆ ಗಟ್ಟಿ. ಟೊಪ್ಪಿಗೆ ಕಳಚಿತೋ, ಬಾಳೆಹಣ್ಣಿನ ಸಿಪ್ಪೆ ಬಿಚ್ಚಿದಂತೆ ಹೊರಕ್ಕೆ ಬಾಗಿ ಬಿದ್ದುಹೋಗುತ್ತದೆ. ಬಿದ್ದ ಇಟ್ಟಂಗಿ ಹೊಸ ಜಿಟಿಪಿ ಪಡೆದು ಮತ್ತೆಲ್ಲೋ ಹೋಗಿ ಕೂರುತ್ತದೆ.

ಇಷ್ಟು ಕಷ್ಟಪಟ್ಟು ಕಟ್ಟಿ ಯಾಕೆ ಬೀಳಿಸಬೇಕು? ಕೋಶ ಎರಡಾಗುವ ಗಳಿಗೆಯನ್ನು ನೋಡಿ. ವಂಶದ ಗುಣಗಳನ್ನು ಹೊತ್ತ ಎಳೆಗಳಿಗೆ ವರ್ಣತಂತು ಎನ್ನುತ್ತಾರೆ. ಉಳ್ಳಾಗಡ್ಡಿಗೆ 16 ವರ್ಣತಂತು, ನಮಗೆ 46. ಪ್ರತಿಯೊಂದೂ ಜೋಡಿ ಪ್ರತಿಯಾಗಿ, ಒಂದಕ್ಕೊಂದು ಅಂಟಿ ನಿಂತಿರುತ್ತದೆ. ಒಂದು ಪ್ರತಿ ಈ ಮಗಳು ಕೋಶಕ್ಕೆ, ಇನ್ನೊಂದು ಆ ಮಗಳು ಕೋಶಕ್ಕೆ ಹೋಗಬೇಕು. ವರ್ಣತಂತು ಎಲ್ಲಿದೆ ಎಂದು ಕೊಳವೆಗೆ ಕಣ್ಣಿಲ್ಲ. ಹಿಂದೆ ಬಾವಿಯಲ್ಲಿ ಕೊಡ ಬಿದ್ದರೆ ಪಾತಾಳಗರಡಿ ಬಿಟ್ಟು ಹುಡುಕುತ್ತಿದ್ದರು. ಇಳಿಸುವುದು, ಸಿಗದಿದ್ದರೆ ಎಳೆದುಕೊಳ್ಳುವುದು, ಜಾಗ ಬದಲಿಸಿ ಮತ್ತೆ ಇಳಿಸುವುದು. ಕೊಳವೆಯೂ ಅದನ್ನೇ ಮಾಡುತ್ತದೆ. ಸಿಗದಿದ್ದರೆ ಕುಸಿದು, ಬೇರೆ ದಿಕ್ಕಿಗೆ ಹೊಸದಾಗಿ ಏಳುತ್ತದೆ. ಕುಸಿಯಲು ಬಾರದ ಕೊಳವೆ ಒಂದೇ ಕಡೆ ಇಳಿಬಿಟ್ಟ ಗರಡಿ ಇದ್ದಂತೆ. ಕೊಡ ಎಂದಿಗೂ ಸಿಗುವುದಿಲ್ಲ.

ಅದಕ್ಕೇ ವಿಭಜನೆಯ ಹೊತ್ತಿಗೆ ಕೋಶ ಈ ಕುಸಿತವನ್ನು ಬೇಕೆಂದೇ ಹೆಚ್ಚಿಸುತ್ತದೆ. ಉಳಿದ ದಿನ ಕೆಲವು ನಿಮಿಷ ಬಾಳುವ ಕೊಳವೆ ಆಗ ಬಹುಮಟ್ಟಿಗೆ ಒಂದು ನಿಮಿಷವೂ ಬಾಳುವುದಿಲ್ಲ. ಕಟ್ಟುವವರು, ಕೆಡವುವವರು ಎಂದು ಬೇರೆಬೇರೆ ಪ್ರೋಟೀನುಗಳಿವೆ. ವಿಭಜನೆ ಶುರುವಾಗುವಾಗ ಕಿಣ್ವಗಳು ಇವುಗಳಿಗೆ ರಂಜಕದ ಚೀಟಿ ಅಂಟಿಸಿ, ಯಾರ ಕೈ ಮೇಲಾಗಬೇಕು ಎಂದು ತಿರುಗಿಸುತ್ತವೆ. 2001ರಲ್ಲಿ ಬರೇ ಟ್ಯೂಬ್ಯುಲಿನ್, ಒಬ್ಬ ಕಟ್ಟುವವನು, ಒಬ್ಬ ಕೆಡವುವವನು, ಈ ಮೂರನ್ನೇ ಗಾಜಿನ ಮೇಲೆ ಸೇರಿಸಿದರು. ಕೋಶದಲ್ಲಿ ಕಾಣುವಂಥ ಏರಿಳಿತ ಅಲ್ಲಿಯೂ ಕಂಡಿತು. ಜೀವವಿಲ್ಲದ ಹನಿಯೊಂದರಲ್ಲಿ ಈ ಆಟ ನಡೆಯಿತು ಎನ್ನುವುದು ನನಗೆ ಇಂದಿಗೂ ಮೈ ಜುಮ್ಮೆನ್ನಿಸುವ ಸಂಗತಿ.

ಕೊಳವೆ ವರ್ಣತಂತುವನ್ನು ಹಿಡಿದರೆ ಸಾಲದು, ಸರಿಯಾಗಿ ಹಿಡಿಯಬೇಕು. ಎರಡೂ ಪ್ರತಿಗಳನ್ನು ಕೋಶದ ಒಂದೇ ಕಡೆಯಿಂದ ಬಂದ ಕೊಳವೆಗಳು ಹಿಡಿದರೆ ಒಬ್ಬ ಮಗಳಿಗೆ ಎರಡು ಪಾಲು, ಇನ್ನೊಬ್ಬಳಿಗೆ ಸೊನ್ನೆ. ಹಿಡಿತ ಸರಿಯಾಗಿದೆ ಎಂದು ಕೋಶಕ್ಕೆ ಹೇಗೆ ತಿಳಿಯಬೇಕು? ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಜಗ್ಗಿದರೆ ತಾನೆ ಹಗ್ಗ ಬಿಗಿಯಾಗುವುದು. 1969ರಲ್ಲಿ ಬ್ರೂಸ್ ನಿಕ್ಲಸ್ ಎಂಬ ವಿಜ್ಞಾನಿ ಮಿಡತೆಯ ಕೋಶದೊಳಕ್ಕೆ ಕೂದಲಿಗಿಂತ ತೆಳುವಾದ ಗಾಜಿನ ಸೂಜಿ ಹಾಕಿ, ತಪ್ಪಾಗಿ ಹಿಡಿಸಿಕೊಂಡ ವರ್ಣತಂತುವನ್ನು ತಾನೇ ಜಗ್ಗಿ ಹಿಡಿದರು. ಬಿಡಬೇಕಿದ್ದ ಹಿಡಿತ ಬಿಡಲಿಲ್ಲ. ಜಗ್ಗುವ ಬಿಗಿಯೇ ಗುರುತು ಎಂದು ಹೀಗೆ ಗೊತ್ತಾಯಿತು. ಸಡಿಲಾದ ಹಿಡಿತವನ್ನು ಅರೋರಾ ಬಿ ಎಂಬ ಕಿಣ್ವ ಬಿಡಿಸಿ, ಮತ್ತೊಮ್ಮೆ ಹಿಡಿಯಲು ಬಿಡುತ್ತದೆ. ಒಂದೇ ಒಂದು ವರ್ಣತಂತು ಹೊರಗೆ ಉಳಿದಿದ್ದರೂ, "ತಡೀರಿ" ಎನ್ನುವ ಸುದ್ದಿ ಅಲ್ಲಿಂದ ಹೊರಟು ಇಡೀ ಕೋಶ ನಿಲ್ಲುತ್ತದೆ. ಊರ ಪಂಕ್ತಿಯಲ್ಲಿ ಕೊನೆಯ ಎಲೆಗೆ ಬಡಿಸುವತನಕ ಯಾರೂ ತುತ್ತು ಎತ್ತದ ಹಾಗೆ.

ಗಿಡದ ಕೋಶ ಇನ್ನೂ ಒಂದು ಹೆಜ್ಜೆ ಮುಂದಿದೆ. ಎರಡಾಗುವ ಮೊದಲೇ ಕೊಳವೆಗಳ ಒಂದು ಉಡದಾರ ಕಟ್ಟಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಅದನ್ನು ಬಿಚ್ಚಿಬಿಡುತ್ತದೆ. ಕೊನೆಗೆ ಹೊಸ ಗೋಡೆ ಏಳುವಾಗ, ಆ ಉಡದಾರ ಇದ್ದ ಜಾಗಕ್ಕೇ ಬಂದು ಕೂಡುತ್ತದೆ. ಗೌಂಡಿ ಪಾಯ ತೋಡುವ ಮುಂಚೆ ಸುಣ್ಣದ ಗೆರೆ ಎಳೆದ ಹಾಗೆ. 1966ರಲ್ಲಿ ಗೋದಿಯ ಕೋಶದಲ್ಲಿ ಇದನ್ನು ವಿವರಿಸಿದರು.

ಈಗ ಕಾಕಾ ಕೊಟ್ಟ ಬೇರಿಗೆ ಬರೋಣ. ಪೆಂಡಿಮೆಥಾಲಿನ್ ಗಿಡದ ಟ್ಯೂಬ್ಯುಲಿನ್‌ಗೆ ಅಂಟಿ, ಇಟ್ಟಂಗಿ ಕೂಡದಂತೆ ಮಾಡುತ್ತದೆ. ಕೊಳವೆ ಇಲ್ಲದೆ ವಿಭಜನೆ ಇಲ್ಲ, ಬೇರು ಮೋಟಾಯಿತು. ಉಬ್ಬಿದ್ದು ಯಾಕೆ? ಬೆಳೆಯುವ ಕೋಶದ ಗೋಡೆಯ ಒಳಮೈಗೆ ಕೊಳವೆಗಳು ಬಳೆಬಳೆಯಾಗಿ ಸುತ್ತಿಕೊಂಡಿರುತ್ತವೆ. ಸೆಲ್ಯುಲೋಸ್ ನೇಯುವ ಯಂತ್ರ ಅದೇ ಬಳೆಯ ಗುಂಟ ಓಡುತ್ತದೆ. 2006ರಲ್ಲಿ ಅದು ಓಡುವುದನ್ನು ಜೀವಂತ ಗಿಡದಲ್ಲೇ ಚಿತ್ರೀಕರಿಸಿದರು. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕಿದಂತೆ ಗೋಡೆ ಬಿಗಿಯಾಗುತ್ತದೆ. ಅಗಲಕ್ಕೆ ಹಿಗ್ಗಲು ಆಸ್ಪದವಿಲ್ಲದೆ ಕೋಶ ಉದ್ದಕ್ಕೆ ಬೆಳೆಯುತ್ತದೆ. ಎಣ್ಣಿ ಬಿದ್ದಾಗ ಬಳೆ ಹೋಯಿತು, ಕೋಶ ಎಲ್ಲ ದಿಕ್ಕಿಗೂ ಊದಿತು. ನಾಟಿ ಮಾಡಿದ ಉಳ್ಳಾಗಡ್ಡಿ ಬದುಕಿದ್ದು ಹೆಚ್ಚಾಗಿ ಅದರ ಬೇರು ಎಣ್ಣಿ ನಿಂತ ಮೇಲ್ಪದರದ ಕೆಳಗೆ ಇದ್ದುದರಿಂದ.

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರು ಗೊನೆಗಳನ್ನು ಜಿಎ ದ್ರಾವಣದಲ್ಲಿ ಅದ್ದುತ್ತಾರಲ್ಲ, ಆ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನಿಗೂ ಈ ಬಳೆಗೂ ನಂಟಿದೆ. ಸಸಿಗಳ ಕಾಂಡದಲ್ಲಿ ಅದು ಕೊಳವೆಗಳನ್ನು ಅಡ್ಡಡ್ಡಕ್ಕೆ ತಿರುಗಿಸಿ ಕೋಶವನ್ನು ಉದ್ದಮಾಡುತ್ತದೆ.

ಟ್ಯೂಬ್ಯುಲಿನ್ ಗಿಡ, ಪ್ರಾಣಿ, ಬೂಷ್ಟು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಆ ಹೆಚ್ಚುಕಡಿಮೆಯ ಸಂದಿಯಲ್ಲೇ ಔಷಧಗಳು ಕೆಲಸ ಮಾಡುತ್ತವೆ. ದ್ರಾಕ್ಷಿಗೆ ಹೊಡೆಯುವ ಕಾರ್ಬೆಂಡಾಜಿಮ್ ಬೂಷ್ಟಿನ ಟ್ಯೂಬ್ಯುಲಿನ್ ಹಿಡಿಯುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಅಲ್ಬೆಂಡಜೋಲ್ ಗುಳಿಗೆ ಜಂತುಹುಳದ್ದನ್ನು ಹಿಡಿಯುತ್ತದೆ. ಕುರಿಗಾರ ಅಣ್ಣಂದಿರು ಇದನ್ನು ಗಮನವಿಟ್ಟು ಕೇಳಬೇಕು. ಸುಮಾರು 445 ಮಣಿಗಳ ಸರದಂತಿರುವ ಬೀಟಾ ಟ್ಯೂಬ್ಯುಲಿನ್‌ನಲ್ಲಿ 200ನೆಯ ಮಣಿ ಒಂದು ಬದಲಾದರೂ ಸಾಕು, ಕುರಿಯ ಹೊಟ್ಟೆಯ ಹುಳಕ್ಕೆ ಔಷಧ ನಾಟುವುದಿಲ್ಲ. ಒಂದೇ ಔಷಧವನ್ನು ಮೇಲಿಂದ ಮೇಲೆ ಕುಡಿಸಿದರೆ ಅಂಥ ಹುಳಗಳೇ ಉಳಿದು ಬೆಳೆಯುತ್ತವೆ. ಪಶುವೈದ್ಯರನ್ನು ಕೇಳಿ ಕುಡಿಸಿ.

ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದದ್ದು. ಅದು ಕೊಳವೆ ಕಟ್ಟಗೊಡುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಅಮೆರಿಕದ ಒಂದು ಮರದ ತೊಗಟೆಯಿಂದ ಬಂದದ್ದು. 1979ರಲ್ಲಿ ಸುಸಾನ್ ಹಾರ್ವಿಟ್ಜ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು, ಇದು ಕೊಳವೆಯನ್ನು ಕೆಡವಗೊಡುವುದಿಲ್ಲ. ಕಟ್ಟದಿದ್ದರೂ ಕೋಶ ಎರಡಾಗದು, ಕೆಡವದಿದ್ದರೂ ಎರಡಾಗದು.

ನಮ್ಮ ಚಿಗವ್ವನಿಗೆ ಈ ಎರಡನೆಯದನ್ನು ಕೊಟ್ಟರು. ನಾಲ್ಕನೆಯ ಸಲ ಮುಗಿದಾಗ, "ತಮ್ಮಾ, ಕಾಲಾಗ ಚಪ್ಪಲಿ ಐತೋ ಬಿಟ್ಟೈತೋ ತಿಳಿಯಾಕ ಒಲ್ದು" ಅಂದಳು. ಸೊಂಟದಿಂದ ಕಾಲಿನ ಹೆಬ್ಬೆರಳಿನತನಕ ಸುಮಾರು ಒಂದು ಮೀಟರ್ ಉದ್ದದ ನರದ ಎಳೆಗಳಿವೆ. ಅವು ವಿಭಜನೆ ಆಗುವುದಿಲ್ಲ, ಆದರೆ ಅವುಗಳ ಒಳಗೆ ಸರಕು ಸಾಗುವುದು ಇದೇ ಕೊಳವೆಗಳ ಮೇಲೆ. ದಾರಿ ಕೆಟ್ಟರೆ ಎಲ್ಲಕ್ಕಿಂತ ದೂರದ ಊರಿಗೇ ಮೊದಲು ಪೆಟ್ಟು. ಯಾರಿಗಾದರೂ ಇಂಥ ಚಿಕಿತ್ಸೆ ನಡೆದಿದ್ದರೆ, ಬೆರಳು ಜುಮುಗುಟ್ಟಿದ ದಿನವೇ ಡಾಕ್ಟರಿಗೆ ಹೇಳಿ. ಪ್ರಮಾಣ ಇಳಿಸಲು ಬರುತ್ತದೆ. ಚಿಗವ್ವನಿಗೂ ಇಳಿಸಿದರು. ಈಗ ಕೈಬೆರಳಿನ ಸ್ಪರ್ಶ ತಿರುಗಿ ಬಂದಿದೆ, ರೊಟ್ಟಿ ಬಡಿಯುತ್ತಾಳೆ. ಅಂಗಾಲಿನದು ಇನ್ನೂ ಪೂರ್ತಿ ಬಂದಿಲ್ಲ. ಹೊಸ್ತಿಲು ದಾಟುವಾಗ ಒಮ್ಮೆ ಕೆಳಗೆ ನೋಡಿಯೇ ಹೆಜ್ಜೆ ಇಡುತ್ತಾಳೆ.