ಮಾಜಿ ಸೈನಿಕರೂ ಸರಕಾರಿ ಹುದ್ದೆಯ ಅರ್ಜಿಯೂ

ಕೇಳುಗ ಬಾಂಧವರಿಗೆ ನಮಸ್ಕಾರ.

1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು ಹುಟ್ಟಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭವಾದವು. ಬ್ಯಾಂಕುಗಳ ತವರೆನಿಸಿದ ಈ ಕರಾವಳಿಯಲ್ಲಿ, ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಮಾಜಿ ಸೈನಿಕರನ್ನು ನಾವು ಕಾಣುತ್ತಲೇ ಇರುತ್ತೇವೆ. ಕಾವಲು ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಒಳಗಿನ ಗುಮಾಸ್ತರ ಹುದ್ದೆಗಳಲ್ಲಿಯೂ ತಮಗೆ ಪಾಲಿದೆಯೆಂಬ ಸಂಗತಿ ಎಷ್ಟೋ ಮಂದಿಗೆ ಊರು ಸೇರಿ ಕೆಲವು ವರ್ಷ ಕಳೆದ ಮೇಲೆ ತಿಳಿಯುತ್ತದೆ.

ರಾಷ್ಟ್ರೀಕೃತ ಬ್ಯಾಂಕುಗಳಲ್ಲಿಯೂ ಕೇಂದ್ರದ ಸಾರ್ವಜನಿಕ ಉದ್ದಿಮೆಗಳಲ್ಲಿಯೂ ಗುಮಾಸ್ತರ ದರ್ಜೆಯಂಥ ‘ಸಿ’ ವರ್ಗದ ಹುದ್ದೆಗಳ ಶೇಕಡಾ 14.5ರಷ್ಟು ಮಾಜಿ ಸೈನಿಕರಿಗೆ ಮೀಸಲು. ಸೇವೆಯಲ್ಲಿ ಅಂಗವಿಕಲರಾದವರಿಗೂ ಹುತಾತ್ಮರ ಅವಲಂಬಿತರಿಗೂ ಮೀಸಲಾದ ಶೇಕಡಾ 4.5 ಇದರಲ್ಲಿಯೇ ಸೇರಿದೆ. ಕೇಂದ್ರ ಸರಕಾರದ ಇಲಾಖೆಗಳ ‘ಸಿ’ ವರ್ಗದಲ್ಲಿ ಈ ಪಾಲು ಶೇಕಡಾ 10. ರಾಜ್ಯದ ನೇಮಕಾತಿಯಲ್ಲಿಯೂ ಮಾಜಿ ಸೈನಿಕರಿಗೆ ಪ್ರತ್ಯೇಕ ಮೀಸಲಾತಿ ಇದೆ.

ಹೆಚ್ಚಿನವರು ಎಡವುವುದು ವಯಸ್ಸಿನ ಲೆಕ್ಕದಲ್ಲಿ. ಗುಮಾಸ್ತರ ಹುದ್ದೆಗೆ ಗರಿಷ್ಠ ವಯಸ್ಸು 28 ಎಂದು ಅಧಿಸೂಚನೆಯಲ್ಲಿ ಓದಿದೊಡನೆ 41 ವರ್ಷದ ಹವಾಲ್ದಾರರು ಪತ್ರಿಕೆಯನ್ನು ಮಡಚಿಡುತ್ತಾರೆ. ಅವರು ಸೇನೆಯಲ್ಲಿ 17 ವರ್ಷ ದುಡಿದಿದ್ದರೆ, ಆ 17 ವರ್ಷಗಳನ್ನು ವಯಸ್ಸಿನಿಂದ ಕಳೆಯಬೇಕು, ಉಳಿಯುವುದು 24. ಹೀಗೆ ಕಳೆದ ಬಳಿಕವೂ ಗರಿಷ್ಠ ಮಿತಿಗಿಂತ ಮೂರು ವರ್ಷ ಹೆಚ್ಚಿದ್ದರೆ ಅಡ್ಡಿಯಿಲ್ಲ. ಪದವಿ ಇಲ್ಲವೆಂಬ ಅಳುಕೂ ಇಂಥದ್ದೇ: ಮೆಟ್ರಿಕ್ ತೇರ್ಗಡೆಯಾಗಿ 15 ವರ್ಷಕ್ಕೆ ಕಡಿಮೆಯಿಲ್ಲದ ಸೇವೆ ಸಲ್ಲಿಸಿದವರನ್ನು, ತಾಂತ್ರಿಕ ಅರ್ಹತೆ ಬೇಡದ ‘ಸಿ’ ವರ್ಗದ ಹಲವು ಹುದ್ದೆಗಳಿಗೆ, ಪದವಿ ಕೇಳಿದ್ದರೂ ಪರಿಗಣಿಸಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ.

ನಿವೃತ್ತಿಗೆ ಇನ್ನೂ ಒಂದು ವರ್ಷವಿರುವಾಗಲೇ ಅರ್ಜಿ ಸಲ್ಲಿಸಬಹುದು. ಆದ್ದರಿಂದ ರಜೆಯಲ್ಲಿ ಊರಿಗೆ ಬಂದ ಯೋಧರಿಗೆ ಮನೆಯವರು ಈ ಮಾತನ್ನು ನೆನಪಿಸಬೇಕು. ನಿವೃತ್ತರಾದ ಮೇಲೆ, ಸೇನೆಯಿಂದ ಬಿಡುಗಡೆಯಾದ ದಾಖಲೆಯಾದ ಡಿಸ್ಚಾರ್ಜ್ ಬುಕ್ಕಿನೊಡನೆ ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ, ಮಾಜಿ ಸೈನಿಕರ ಗುರುತಿನ ಚೀಟಿ ಪಡೆಯುವುದನ್ನು ಮುಂದೂಡಬಾರದು.

ಇನ್ನೊಂದು ಎಚ್ಚರಿಕೆಯನ್ನು ತುಸು ಬಿಡಿಸಿ ಹೇಳಬೇಕು. ಮೀಸಲಾತಿಯಲ್ಲಿ ಒಮ್ಮೆ ಕೇಂದ್ರದ ನಾಗರಿಕ ಹುದ್ದೆಗೆ ಸೇರಿದರೆ ಮುಂದೆ ಆ ಮೀಸಲಾತಿ ಸಿಗುವುದಿಲ್ಲ. ಆದರೆ ಸೇರುವ ಮೊದಲೇ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದ್ದರೆ, ಅವುಗಳ ವಿವರವನ್ನು ಸೇರಿದ ಕೂಡಲೇ ಮೇಲಧಿಕಾರಿಗೆ ಲಿಖಿತವಾಗಿ ಘೋಷಿಸಿಕೊಂಡವರಿಗೆ ಆ ಅರ್ಜಿಗಳ ಮಟ್ಟಿಗೆ ಹಕ್ಕು ಉಳಿಯುತ್ತದೆ. ಒಂದು ಹಾಳೆಯ ಈ ಘೋಷಣೆಯನ್ನು ಬರೆಯದೆ ಒಳ್ಳೆಯ ಹುದ್ದೆ ಕೈಬಿಡುವುದು ನಿಜಕ್ಕೂ ಬೇಸರದ ಸಂಗತಿ.

ಕೊನೆಯದಾಗಿ ಕನ್ನಡ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ, ಪಡೆಯಲ್ಲಿ ವರ್ಷಗಟ್ಟಲೆ ಹಿಂದಿಯಲ್ಲಿ ವ್ಯವಹರಿಸಿದವರ ಕೈ ಒತ್ತಕ್ಷರಗಳಲ್ಲಿ ತಡವರಿಸುವುದು ಸಹಜ. ರಾಜ್ಯದ ಹುದ್ದೆಗಳಿಗೋ ಕನ್ನಡ ಭಾಷಾ ಪರೀಕ್ಷೆ ಇದ್ದೇ ಇರುತ್ತದೆ. ಮನೆಯಲ್ಲಿ ಏಳನೆಯ ತರಗತಿಯ ಮಗಳಿದ್ದರೆ, ಅವಳ ಕನ್ನಡ ಪುಸ್ತಕವನ್ನು ಇಂದು ಸಂಜೆಯೇ ಕೇಳಿ ಪಡೆಯಬಹುದು.

ನಮಸ್ಕಾರ.