ಅಪ್ಪನ ಜೊತೆ ಹಳೇ ಸ್ಟಾರ್ ಟ್ರೆಕ್: ಬಳ್ಳಾರಿ ಮನೆಯಲ್ಲಿ ಒಂದು ಮಧ್ಯಾಹ್ನ

ನಮಸ್ಕಾರ, ಬನ್ನಿ ಬನ್ನಿ. ಮಧ್ಯಾಹ್ನ ಎರಡು ಗಂಟೆ. ಬಿಸಿಲಿಗೆ ಕಿಟಕಿ ತುಂಬಾ ಒದ್ದೆ ಬಟ್ಟೆ ಕಟ್ಟಿದ್ದೇವೆ, ಅದಕ್ಕೇ ಕೋಣೆ ಇಷ್ಟು ಕತ್ತಲು. ಕುರ್ಚಿಯಲ್ಲಿ ಕೂತಿರುವವರು ನಮ್ಮಪ್ಪ. ಮುಖ ತೋರಿಸಬೇಡ ಅಂದಿದ್ದಾರೆ. ಹಾಗಾಗಿ ನಿಮಗೆ ಅವರ ಬೆನ್ನು, ಹೆಗಲ ಮೇಲಿನ ಟವೆಲ್ಲು, ಪಕ್ಕದ ವಗ್ಗಾಣಿ ತಟ್ಟೆ, ಇಷ್ಟೇ.

ಇವತ್ತು ನೋಡುತ್ತಿರುವುದು ಬಾಹ್ಯಾಕಾಶದ ಕಥೆಯ ಅಮೆರಿಕನ್ ಸೀರಿಯಲ್ ಸ್ಟಾರ್ ಟ್ರೆಕ್‌ನ ಮೊದಲ ಸೀಸನ್ನಿನ 'ದ ಡೆವಿಲ್ ಇನ್ ದ ಡಾರ್ಕ್'. ಅಮೆರಿಕದಲ್ಲಿ 1967ರ ಮಾರ್ಚ್ 9ಕ್ಕೆ ಬಂದ ಎಪಿಸೋಡ್. 1980ರ ದಶಕದಲ್ಲಿ ದೂರದರ್ಶನ ಈ ಸೀರಿಯಲ್ಲನ್ನು ಭಾನುವಾರ ಬೆಳಿಗ್ಗೆ ಹಾಕುತ್ತಿತ್ತು. ಅಪ್ಪ ಪಕ್ಕದ ಮನೆಯ ಟಿವಿ ಮುಂದೆ ನೆಲದ ಮೇಲೆ ಕೂತು ನೋಡಿದ್ದಂತೆ. ಇಂಗ್ಲಿಷ್ ಒಂದು ಅಕ್ಷರ ಬರುತ್ತಿರಲಿಲ್ಲ. "ಗಣಿಯಾಗ ಕಲ್ಲಿನ ಪ್ರಾಣಿ ಬರ್ತೈತಿ" ಅಂತ ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತಲೇ ಬಂದಿದ್ದಾರೆ. ಇವತ್ತು ನಾನು ಪಕ್ಕದಲ್ಲಿ ಕೂತು ಮಾತು ಮಾತಿಗೂ ಕನ್ನಡದಲ್ಲಿ ಹೇಳುತ್ತೇನೆ.

ಮೊದಲ ದೃಶ್ಯ ನೋಡಿ. ಆಕಾಶನೌಕೆಯ ನಾಯಕ ಕರ್ಕ್ ಇಲ್ಲ, ಅವನ ಜೊತೆಗಾರ, ಮನಸ್ಸು ಓದಬಲ್ಲ ಸ್ಪಾಕ್ ಇಲ್ಲ. ಬರೀ ಗಣಿ ಕೆಲಸದವರು, ಕಾವಲಿಗೆ ನಿಂತವನ ಮುಖದಲ್ಲಿ ಭಯ. ಜೇನಸ್ 6 ಅನ್ನೋ ಗ್ರಹ, ಪರ್ಜಿಯಂ ಅನ್ನೋ ಅದಿರು. ಸುರಂಗದಲ್ಲಿನ ಯಾವುದೋ ಪ್ರಾಣಿಯಿಂದ 50 ಜನ ಸತ್ತಿದ್ದಾರೆ. ಅಪ್ಪ ಸಂಡೂರು ಕಡೆಯಿಂದ ವರ್ಷಗಟ್ಟಲೆ ಅದಿರು ಲಾರಿ ಓಡಿಸಿದವರು. ಕಾವಲಿನವನನ್ನು ನೋಡಿದ ತಕ್ಷಣ "ಪಾಪ, ರಾತ್ರಿ ಡ್ಯೂಟಿ" ಅಂದರು.

ಪ್ರಾಣಿ ಬಂತು ನೋಡಿ! ಹೆಸರು ಹೊರ್ಟಾ. ನಿಜ ಹೇಳುತ್ತೇನೆ, ಕಾಲೇಜಿನಲ್ಲಿ ನೋಡಿದಾಗ ನನಗೆ ಇದು ಸ್ವಲ್ಪವೂ ಇಷ್ಟವಾಗಿರಲಿಲ್ಲ. ಮುದುರಿದ ಕಂಬಳಿ ಹರಿದಾಡಿದ ಹಾಗಿದೆ ಅನಿಸಿತ್ತು. ಒಳಗಿರುವುದು ಜಾನೋಸ್ ಪ್ರೊಹಾಸ್ಕಾ ಅನ್ನೋ ಸ್ಟಂಟ್ ಕಲಾವಿದ, ಆ ವೇಷ ಮಾಡಿದ್ದೂ ಅವರೇ. ಈಗ ನೋಡಿದರೆ ಎಷ್ಟು ಚೆನ್ನಾಗಿದೆ! ಗಾಯವಾದ ಮೇಲೆ ಅದು ನಡುಗುವುದನ್ನು ನೋಡಿ. ಕಣ್ಣಿಲ್ಲ, ಬಾಯಿಲ್ಲ, ಆದರೂ ನೋವು ಗೊತ್ತಾಗುತ್ತದೆ.

ಈಗ ಸ್ಪಾಕ್ ಅದರ ಮೈ ಮೇಲೆ ಕೈಯಿಟ್ಟು ಮನಸ್ಸು ಓದುವ ದೃಶ್ಯ... ಹೋಯ್ತು. ನೋಡಿ, ಟಿವಿ ಕಪ್ಪು.

ಇದರ ಕಥೆ ಹೇಳಲೇಬೇಕು. ಲ್ಯಾಪ್‌ಟಾಪಿನಿಂದ ಟಿವಿಗೆ ಹಾಕುವ ಎಚ್‌ಡಿಎಂಐ ಕೇಬಲ್ ಇದು. ನಿನ್ನೆ ಒಂದು ಅಂಗಡಿಯಲ್ಲಿ 450 ರೂಪಾಯಿ ಕೊಟ್ಟು ತಂದೆ. "ಅಕ್ಕಾ, ಒಳ್ಳೇ ಮಾಲು, ಕಣ್ಣುಮುಚ್ಚಿ ಒಯ್ಯಿರಿ" ಅಂದ. ಮನೆಗೆ ಬಂದು ಹಾಕಿದರೆ ಪಿನ್ನು ಸಡಿಲ. ಇವತ್ತು ಹನ್ನೊಂದು ಗಂಟೆ ಬಿಸಿಲಲ್ಲಿ ವಾಪಸ್ ಹೋದೆ. ಕವರ್ ಹರಿದಿದೆ, ಬದಲಿಸುವುದಿಲ್ಲ ಅಂದ. ಕವರ್ ಹರಿಯದೆ ಕೇಬಲ್ ಹೇಗೆ ತೆಗೆಯುವುದು, ಹೇಳಿ? ಬಿಲ್ಲು ಕೇಳಿದ್ದಕ್ಕೆ, ಬಿಲ್ಲು ಬೇಕಿದ್ದರೆ ನಿನ್ನೆಯೇ ಕೇಳಬೇಕಿತ್ತು ಅಂದ. ಪಕ್ಕದ ಅಂಗಡಿಯಲ್ಲಿ ಅಂಥದ್ದೇ ಕೇಬಲ್ 180 ರೂಪಾಯಿ! 270 ರೂಪಾಯಿ ಜಾಸ್ತಿ ತಗೊಂಡೂ ಹೀಗೆ ಮಾತಾಡಿದ್ದು ನನಗೆ ಇನ್ನೂ ಉರಿಯುತ್ತಿದೆ. ದಯವಿಟ್ಟು ಕೇಬಲ್ ತಗೊಂಡರೆ ಅಂಗಡಿಯಲ್ಲೇ ಹಾಕಿಸಿ ನೋಡಿ, ಬಿಲ್ಲು ಇಸ್ಕೊಳ್ಳಿ.

ಬಂತು, ಬಂತು. ಅಪ್ಪ ಪ್ಲಗ್ಗಿನ ಕೆಳಗೆ ಬೆಂಕಿಪೊಟ್ಟಣ ಇಟ್ಟರು. ನಿಂತಿದೆ.

ಸ್ಪಾಕ್ ಕೂಗುತ್ತಿರುವುದು "ನೋವು, ನೋವು" ಅಂತ. ಪ್ರತಿ 50,000 ವರ್ಷಕ್ಕೊಮ್ಮೆ ಹೊರ್ಟಾಗಳೆಲ್ಲ ಸಾಯುತ್ತವೆ. ಒಂದು ಮಾತ್ರ ಉಳಿದು ಎಲ್ಲರ ಮೊಟ್ಟೆ ಕಾಯುತ್ತದೆ. ಗಣಿಯವರು ಕೆಲಸಕ್ಕೆ ಬಾರದ ದುಂಡು ಕಲ್ಲು ಅಂತ ಒಡೆದು ಬಿಸಾಕಿದ್ದೆಲ್ಲ ಆ ಮೊಟ್ಟೆಗಳೇ. ಅಂದಹಾಗೆ, ಈ ಎಪಿಸೋಡಿನಲ್ಲಿ ಒಬ್ಬ ಹೆಂಗಸಿಗೂ ಮಾತಿಲ್ಲ. ಇರುವ ಒಬ್ಬ ತಾಯಿಯೂ ಸ್ಪಾಕ್ ಬಾಯಿಂದಲೇ ಮಾತಾಡಬೇಕು. ಅದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ನೋಡಿ. ಮೊದಲು ಇದನ್ನು ಕೊಲ್ಲುವುದು ಬೇಡ ಅಂದವನು ಸ್ಪಾಕ್, ಕೊಲ್ಲಲೇಬೇಕು ಅಂದವನು ಕರ್ಕ್. ಕರ್ಕ್ ಒಬ್ಬನೇ ಅದರ ಎದುರು ಸಿಕ್ಕಿಕೊಂಡಾಗ, ಸ್ಪಾಕ್ ಕೊಂದುಬಿಡು ಅನ್ನುತ್ತಾನೆ, ಕರ್ಕ್ ಕೈ ತಡೆಯುತ್ತಾನೆ. ಗೆಳೆಯನ ಜೀವದ ಪ್ರಶ್ನೆ ಬಂದಾಗ ಅಷ್ಟು ಲೆಕ್ಕಾಚಾರದ ಸ್ಪಾಕ್ ಕೂಡ ಬದಲಾದ. ಬರೆದ ಜೀನ್ ಕೂನ್‌ಗೆ ದೊಡ್ಡ ನಮಸ್ಕಾರ. ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಅವರ ತಂದೆ ತೀರಿಕೊಂಡಿದ್ದು ಇದರ ಶೂಟಿಂಗ್ ಸಮಯದಲ್ಲೇ. ಅದು ಗೊತ್ತಾದ ಮೇಲೆ ಅವರ ಮುಖವನ್ನು ಬೇರೆ ಥರ ನೋಡುತ್ತಿದ್ದೇನೆ.

ಕಾಲೇಜಿನಲ್ಲಿ ನನಗೆ ಈ ಗಣಿಯವರ ಮೇಲೆ ಸಿಟ್ಟಿತ್ತು. ಮರಿಗಳನ್ನು ಕೊಂದವರಿಗೆ ಶಿಕ್ಷೆಯೇ ಇಲ್ಲ, ಕೊನೆಗೆ ಹೊರ್ಟಾಗಳೇ ಸುರಂಗ ಕೊರೆದು ಕೊಡುತ್ತವೆ, ಇವರು ಶ್ರೀಮಂತರಾಗುತ್ತಾರೆ. ಇದೇನು ನ್ಯಾಯ ಅಂತ. ಈಗ ಅಪ್ಪನಿಗೂ ಅದನ್ನೇ ಹೇಳಿದೆ. ಅವರು ಒಪ್ಪಲಿಲ್ಲ.

"ಯವ್ವಾ, ಅವರಿಗೆ ಏನ್ ಗೊತ್ತು? ನಾವೂ ಮೊದಲು ಗಟ್ಟಿ ಅದಿರು ಅಷ್ಟೇ ತುಂಬ್ತಿದ್ವಿ. ಪುಡಿ ಅಂದ್ರ ಕಸ. ಚೀನಾದವರು ಕೇಳಿದ ಮ್ಯಾಲೆ ಆ ಪುಡೀನೇ ಬಂಗಾರ ಆತು. ಅದು ಬಂಗಾರ ಅಂತ ಗೊತ್ತಿಲ್ಲದಾಗ ನಾ ಅದರ ಮ್ಯಾಲೇ ಲಾರಿ ಹೊಡದೀನಿ."

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿ ನಿಲ್ಲಿಸಿದಾಗ ಅಪ್ಪನ ಲಾರಿ ತಿಂಗಳುಗಟ್ಟಲೆ ಮನೆ ಮುಂದೆ ನಿಂತಿತ್ತು, ಸಾಲದ ಕಂತು ನಿಂತಿರಲಿಲ್ಲ. ಬೆಟ್ಟ ಹಾಳಾಗುತ್ತಿತ್ತು, ನಿಲ್ಲಿಸಿದ್ದು ಸರಿ ಅಂತ ಅವರೇ ಆಗಲೂ ಹೇಳಿದ್ದರು. ಇವತ್ತು ಎಪಿಸೋಡಿನ ಗಣಿ ಯಜಮಾನ "ಅದು ಮೊಟ್ಟೆ ಅಂತ ನಮಗೆ ಗೊತ್ತಿರಲಿಲ್ಲ" ಅಂದಾಗ ಅಪ್ಪ ತಲೆಯಾಡಿಸಿದರು. ನನಗೂ ಆ ಯಜಮಾನನ ಮೇಲೆ ಮೊದಲಿನ ಸಿಟ್ಟಿಲ್ಲ. ಶಿಕ್ಷೆ ಬೇಕಿತ್ತು ಅಂತ ಮಾತ್ರ ಈಗಲೂ ಅನಿಸುತ್ತದೆ.

ಅಯ್ಯೋ, ಮುಗಿಯಿತು, ಹೆಸರುಗಳು ಬರುತ್ತಿವೆ. ಮೊಟ್ಟೆ ಒಡೆದು ಮರಿಗಳು ಬಂದವಂತೆ, ಆ ಮಾತು ನಿಮಗೆ ಹೇಳುವಷ್ಟರಲ್ಲಿ ಹೋಯಿತು. ಅಪ್ಪ ಹಿಂದಕ್ಕೆ ಹಾಕು ಅನ್ನುತ್ತಿದ್ದಾರೆ, ಎಷ್ಟು ಮರಿ ಅಂತ ಕೇಳಬೇಕಂತೆ. ಹಾಕಿದೆ ಅಪ್ಪಾ, ಬೆಂಕಿಪೊಟ್ಟಣ ಮಾತ್ರ ಅಲುಗಾಡಿಸಬೇಡಿ.