ತಲೆ ಯಾರದು, ಸೀಟು ಯಾರದು

ಸ್ನೇಹಿತರೇ, ಅಮೆರಿಕದ ಗುಲಾಮಗಿರಿಯ ಮಾತು ಬಂದಾಗಲೆಲ್ಲ ಒಂದು ವಾಕ್ಯ ಕಿವಿಗೆ ಬೀಳುತ್ತದೆ: ‘ಅವರ ಸಂವಿಧಾನ ಕಪ್ಪು ಮನುಷ್ಯನನ್ನು ಐದರಲ್ಲಿ ಮೂರು ಪಾಲು ಮನುಷ್ಯ ಎಂದು ಬರೆಯಿತು.’ ಹೇಳುವವರ ಸಿಟ್ಟು ನ್ಯಾಯವಾದದ್ದೇ. ಲೆಕ್ಕ ಮಾತ್ರ ತಪ್ಪು. ಈ ತಪ್ಪು ಲೆಕ್ಕ ಇಟ್ಟುಕೊಂಡರೆ ನಿಜವಾದ ಅನ್ಯಾಯ ಎಲ್ಲಿ ನಡೆಯಿತು ಅನ್ನುವುದೇ ಕಾಣುವುದಿಲ್ಲ.

ಅದು ಮನುಷ್ಯನ ಬೆಲೆಯ ಲೆಕ್ಕವಲ್ಲ, ಸೀಟಿನ ಲೆಕ್ಕ: ಸಂಸತ್ತಿನ ಪ್ರತಿನಿಧಿ ಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂದು ತೀರ್ಮಾನಿಸಲು ಜನರನ್ನು ಎಣಿಸುವಾಗ, ಮತವೇ ಇಲ್ಲದ ಗುಲಾಮರನ್ನು ಎಷ್ಟೆಂದು ಹಿಡಿಯಬೇಕು? ಅವರನ್ನು ಐದಕ್ಕೆ ಐದೂ ಎಣಿಸಿ ಎಂದು ಹಟ ಹಿಡಿದವರು ಯಾರು ಗೊತ್ತೇ? ಅವರ ಒಡೆಯರು! 1787ರ ಜುಲೈ 11, ಫಿಲಡೆಲ್ಫಿಯಾದ ಸಂವಿಧಾನ ಸಭೆ. ದಕ್ಷಿಣ ಕೆರೊಲಿನಾದ ಪಿಯರ್ಸ್ ಬಟ್ಲರ್ ಮತ್ತು ಜನರಲ್ ಪಿಂಕ್ನಿ ಕೇಳಿದ್ದು ಅದನ್ನೇ: ಬಿಳಿಯರಷ್ಟೇ ಸಮನಾಗಿ ಗುಲಾಮರನ್ನೂ ಎಣಿಸಬೇಕು. ಮತಕ್ಕೆ ಹಾಕಿದಾಗ ಮೂರು ರಾಜ್ಯ ಪರ, ಏಳು ವಿರೋಧ. ಗುಲಾಮಗಿರಿಯನ್ನು ಖಂಡಿಸುತ್ತಿದ್ದ ಗವರ್ನರ್ ಮಾರಿಸ್ (ಗವರ್ನರ್ ಎಂಬುದು ಆತನ ಹೆಸರು, ಹುದ್ದೆಯಲ್ಲ) ಸಭೆಯನ್ನು ಕೇಳಿದ್ದು ಹೀಗೆ: ಇವರು ಮನುಷ್ಯರೋ? ಹಾಗಿದ್ದರೆ ನಾಗರಿಕರನ್ನಾಗಿ ಮಾಡಿ, ಮತ ಕೊಡಿ. ಆಸ್ತಿಯೋ? ಹಾಗಿದ್ದರೆ ಬೇರೆ ಆಸ್ತಿಯನ್ನು ಯಾಕೆ ಎಣಿಸುವುದಿಲ್ಲ? ಅದಕ್ಕೆ ಸರಿಯಾದ ಉತ್ತರ ಯಾರಿಂದಲೂ ಬರಲಿಲ್ಲ.

ಈ ಮೂರು, ಐದು ಎಲ್ಲಿಂದ ಬಂದವು? ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಡೀ ಕಥೆಯ ಬೇರು ಇಲ್ಲಿದೆ. 1783. ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಬೇಕು. ಯಾವ ರಾಜ್ಯ ಎಷ್ಟು ಕೊಡಬೇಕು? ಅದುವರೆಗಿನ ನಿಯಮ ಜಮೀನಿನ ಬೆಲೆಯ ಮೇಲೆ ಇತ್ತು, ಅದನ್ನು ಅಳೆಯುವುದು ಆಗದ ಮಾತು. ಸರಿ, ತಲೆ ಎಣಿಸೋಣ ಎಂದರು. ತಲೆ ಹೆಚ್ಚಾದರೆ ತೆರಿಗೆ ಹೆಚ್ಚು. ಗುಲಾಮರು ಹೆಚ್ಚಿದ್ದ ದಕ್ಷಿಣದ ರಾಜ್ಯಗಳವರು ಆಗ ಏನೆಂದರು? ‘ಗುಲಾಮನ ದುಡಿಮೆ ಕಡಿಮೆ, ಇಬ್ಬರನ್ನು ಒಬ್ಬನೆಂದು ಹಿಡಿಯಿರಿ.’ ಉತ್ತರದವರು, ‘ಆಗದು, ನಾಲ್ವರಿಗೆ ಮೂರು’ ಎಂದರು. ಸಂತೆಯ ಚೌಕಾಸಿಯೇ ಅದು. ಕೊನೆಗೆ ವರ್ಜೀನಿಯಾದ ಮ್ಯಾಡಿಸನ್, ಐವರಿಗೆ ಮೂರು ಎಂದ. ಹದಿಮೂರೂ ರಾಜ್ಯ ಒಪ್ಪಬೇಕಿತ್ತು, ಹನ್ನೊಂದು ಒಪ್ಪಿದವು, ಕಾನೂನು ಆಗಲಿಲ್ಲ. ಅಂಕಿ ಮಾತ್ರ ಉಳಿಯಿತು. ನಾಲ್ಕು ವರ್ಷದ ನಂತರ, ಫಿಲಡೆಲ್ಫಿಯಾದ ಆ ಸಭೆಯಲ್ಲಿ, ಜೂನ್ 11ರಂದು, ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಅದನ್ನೇ ಎತ್ತಿ ಸೀಟಿನ ಲೆಕ್ಕಕ್ಕೆ ಇಟ್ಟ. ತೆರಿಗೆ ಬಂದಾಗ ಅರ್ಧ ಎಂದ ದಕ್ಷಿಣ, ಸೀಟು ಬಂದಾಗ ಪೂರ್ತಿ ಎಂದಿತು. ಕೊನೆಗೆ ರಾಜಿಯಾಗಿ ನಿಂತದ್ದು ಐದರಲ್ಲಿ ಮೂರು. ಮನುಷ್ಯನ ಬೆಲೆ ಎಷ್ಟು ಅನ್ನುವುದು ಎರಡು ಸಲವೂ ಚರ್ಚೆಯೇ ಆಗಿರಲಿಲ್ಲ. ತಲೆ ಯಾರದು, ಸೀಟು ಯಾರದು, ಅಷ್ಟೇ.

ಈಗ ಒಂದು ಲೆಕ್ಕ ಮಾಡೋಣ, ಪೆನ್ನು ಇದ್ದವರು ಬರೆದುಕೊಳ್ಳಿ. 1790ರ ಮೊದಲ ಜನಗಣತಿ. ವರ್ಜೀನಿಯಾದಲ್ಲಿ 7,47,610 ಜನ, ಅದರಲ್ಲಿ ಗುಲಾಮರು 2,92,627. ಉಳಿದ ಸ್ವತಂತ್ರರು 4,54,983. ಗುಲಾಮರ ಐದರಲ್ಲಿ ಮೂರು ಪಾಲು ಎಂದರೆ 1,75,576. ಎರಡನ್ನೂ ಕೂಡಿದರೆ 6,30,559. 33,000ಕ್ಕೆ ಒಂದು ಸೀಟು, ಶೇಷ ಬಿಡಬೇಕು. ಹತ್ತೊಂಬತ್ತು! ಸ್ವತಂತ್ರರನ್ನು ಮಾತ್ರ ಎಣಿಸಿದ್ದರೆ ಹದಿಮೂರು. ಪಕ್ಕದಲ್ಲಿ ಪೆನ್ಸಿಲ್ವೇನಿಯಾ: ಸ್ವತಂತ್ರರು 4,30,636, ಗುಲಾಮರು 3,737. ಹೇಗೆ ಎಣಿಸಿದರೂ ಹದಿಮೂರೇ. ಸ್ವತಂತ್ರ ಜನರ ಲೆಕ್ಕದಲ್ಲಿ ಸರಿಸಮಾನ ಬರುವ ಎರಡು ರಾಜ್ಯ, ಒಂದಕ್ಕೆ 19, ಇನ್ನೊಂದಕ್ಕೆ 13. ಆ ಆರು ಸೀಟು ತಂಬಾಕಿನ ಹೊಲದಲ್ಲಿ ಬೆನ್ನು ಬಗ್ಗಿಸಿದವರ ತಲೆಯಿಂದ ಬಂದದ್ದು. ಕೂತವರು ಅವರ ಒಡೆಯರ ಕಡೆಯವರು.

ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳ ಸಂಖ್ಯೆ ಕೂಡ ಸೀಟನ್ನೇ ಹಿಡಿದು ಬರುತ್ತದೆ: ಪ್ರತಿನಿಧಿ ಸಭೆಯ ಸೀಟು, ಅದಕ್ಕೆ ಇಬ್ಬರು ಸೆನೆಟರ್ ಸೇರಿಸಿ. ವರ್ಜೀನಿಯಾಕ್ಕೆ 21. 1800ರ ಚುನಾವಣೆಯಲ್ಲಿ ವರ್ಜೀನಿಯಾದ ಜೆಫರ್ಸನ್‌ಗೆ 73, ಮ್ಯಾಸಚೂಸೆಟ್ಸ್‌ನ ಆಡಮ್ಸ್‌ಗೆ 65. ಗುಲಾಮರ ಎಣಿಕೆಯಿಂದ ಬಂದ ಮತಗಳು ಈ ಎಂಟರ ಅಂತರಕ್ಕಿಂತ ಹೆಚ್ಚಿದ್ದವು ಎಂದು ಲೆಕ್ಕ ಹಾಕಿರುವ ಇತಿಹಾಸಕಾರರಿದ್ದಾರೆ. ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ವರ್ಜೀನಿಯಾದವರು, ನಾಲ್ವರೂ ಗುಲಾಮರ ಒಡೆಯರು.

ಎರಡನೇ ರಾಜಿ ಹಡಗಿನದು. ಆಫ್ರಿಕಾದಿಂದ ಜನರನ್ನು ತರುವುದನ್ನು ಕೇಂದ್ರ ಯಾವಾಗಿನಿಂದ ನಿಲ್ಲಿಸಬಹುದು? ಸಂವಿಧಾನ ಸಭೆಯ ಸಮಿತಿ 1800ರವರೆಗೆ ಮುಟ್ಟಬಾರದು ಎಂದಿತ್ತು. ಆಗಸ್ಟ್ 25ರಂದು ಪಿಂಕ್ನಿ ಎದ್ದು 1808 ಎಂದ. ಅನುಮೋದಿಸಿದ್ದು ಮ್ಯಾಸಚೂಸೆಟ್ಸ್‌ನ ಗೋರಮ್, ಉತ್ತರದವನು! ಉತ್ತರಕ್ಕೆ ಸಿಕ್ಕಿದ್ದು ಹಡಗು ವ್ಯಾಪಾರದ ಕಾನೂನನ್ನು ಮೂರನೇ ಎರಡರಷ್ಟು ಬಹುಮತವಿಲ್ಲದೆ, ಸಾದಾ ಬಹುಮತದಲ್ಲೇ ಮಾಡಿಕೊಳ್ಳುವ ಅನುಕೂಲ. ತಂದ ಒಬ್ಬೊಬ್ಬರ ಮೇಲೆ ಸುಂಕ 10 ಡಾಲರ್ ಮೀರಬಾರದು. 1808ರವರೆಗೆ ಈ ಕಲಮಿಗೆ ತಿದ್ದುಪಡಿಯನ್ನೂ ತರಬಾರದು ಎಂದು ಐದನೇ ವಿಧಿಯಲ್ಲಿ ಬೀಗ ಬೇರೆ. ಬೀಗ ತೆರೆಯುವ ದಿನ ಹತ್ತಿರ ಬಂತೆಂದು ದಕ್ಷಿಣ ಕೆರೊಲಿನಾ, ತಾನೇ ನಿಲ್ಲಿಸಿದ್ದ ಆಮದನ್ನು 1803ರಲ್ಲಿ ಮತ್ತೆ ತೆರೆಯಿತು. 1807 ಮುಗಿಯುವುದರೊಳಗೆ ಚಾರ್ಲ್ಸ್‌ಟನ್ ಬಂದರಿನಲ್ಲಿ ಸುಮಾರು 40,000 ಜನರನ್ನು ಇಳಿಸಿದರು.

ಇಷ್ಟೆಲ್ಲ ಆಗಿಯೂ ಆ ಸಂವಿಧಾನದ ಮೂಲ ಪಠ್ಯದಲ್ಲಿ ‘ಗುಲಾಮ’ ಎಂಬ ಶಬ್ದ ಹುಡುಕಿದರೂ ಸಿಗುವುದಿಲ್ಲ. ‘ಇತರ ವ್ಯಕ್ತಿಗಳು’ ಎಂದಿದೆ. ಬರೆಯುವವರಿಗೂ ನಾಚಿಕೆಯಾಗಿತ್ತು.

ಸಮಯ ಮುಗಿಯುತ್ತಿದೆ ಎಂದು ಚೀಟಿ ಬಂದಿದೆ. 1820ರ ಮಿಸೌರಿ ಒಪ್ಪಂದ ನಿಮಗೆ ಗೊತ್ತಿರುವುದೇ: ಗುಲಾಮಗಿರಿ ಇದ್ದ ಹನ್ನೊಂದು, ಇಲ್ಲದ ಹನ್ನೊಂದು ರಾಜ್ಯಗಳ ತಕ್ಕಡಿ, ಗುಲಾಮಗಿರಿಯ ಮಿಸೌರಿಗೆ ಎದುರಾಗಿ ಸ್ವತಂತ್ರ ಮೇನ್, ಪಶ್ಚಿಮದ ಹೊಸ ನೆಲದಲ್ಲಿ ಗುಲಾಮಗಿರಿ ದಾಟಬಾರದ 36 ಡಿಗ್ರಿ 30 ನಿಮಿಷದ ಗೆರೆ. 1854ರಲ್ಲಿ ಆ ಗೆರೆಯನ್ನೂ ಅಳಿಸಿದರು. 1850ರ ಪಲಾಯಿತ ಗುಲಾಮರ ಕಾಯ್ದೆಯಲ್ಲಿ ಒಂದು ವಿವರ ಸಾಕು. ಓಡಿಬಂದ ಗುಲಾಮನೆಂದು ಹಿಡಿಸಿಕೊಂಡವನನ್ನು ಒಡೆಯನಿಗೆ ಒಪ್ಪಿಸಿದರೆ ತೀರ್ಪು ಕೊಟ್ಟ ಕಮಿಷನರ್‌ಗೆ 10 ಡಾಲರ್, ಬಿಟ್ಟುಕಳಿಸಿದರೆ 5. ಹಿಡಿಸಿಕೊಂಡವನು ತನ್ನ ಪರವಾಗಿ ಸಾಕ್ಷಿ ಹೇಳುವಂತಿಲ್ಲ.

ಇನ್ನೊಂದೇ ಮಾತು, ಇದನ್ನು ಹೇಳದೆ ಇಳಿಯಲಾರೆ. 1865ರಲ್ಲಿ ಗುಲಾಮಗಿರಿ ಹೋಯಿತು, ಐದರಲ್ಲಿ ಮೂರೂ ಹೋಯಿತು, ಎಲ್ಲರೂ ಐದಕ್ಕೆ ಐದು. ಜನರಿಗೆ ಮತದ ಹಕ್ಕು ನಿರಾಕರಿಸಿದ ರಾಜ್ಯದ ಸೀಟು ಅಷ್ಟರಮಟ್ಟಿಗೆ ಕಡಿತವಾಗಬೇಕೆಂದು 1868ರ ಹದಿನಾಲ್ಕನೇ ತಿದ್ದುಪಡಿ ಬರೆಯಿತು. 1890ರಲ್ಲಿ ಕಪ್ಪು ಜನರೇ ಹೆಚ್ಚಿದ್ದ ಮಿಸಿಸಿಪ್ಪಿ ಹೊಸ ಸಂವಿಧಾನ ಮಾಡಿಕೊಂಡಿತು: ಮತದಾರನಾಗಲು ಎರಡು ಡಾಲರ್ ತಲೆಗಂದಾಯ, ಜೊತೆಗೆ ಸಂವಿಧಾನದ ಒಂದು ಕಲಮನ್ನು ಓದಬೇಕು, ಇಲ್ಲವೇ ಓದಿ ಹೇಳಿದ್ದನ್ನು ಅರ್ಥೈಸಬೇಕು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಗುಮಾಸ್ತ. ಅಕ್ಕಪಕ್ಕದ ರಾಜ್ಯಗಳೂ ಇದೇ ದಾರಿ ಹಿಡಿದವು. ಸೀಟು ಕಡಿತದ ಆ ಕಲಮನ್ನು ಇವುಗಳಲ್ಲಿ ಒಂದರ ಮೇಲೂ ಪ್ರಯೋಗಿಸಲಿಲ್ಲ. 1787ರಲ್ಲಿ ಬಟ್ಲರ್ ಕೇಳಿ ಸೋತಿದ್ದ ಐದಕ್ಕೆ ಐದು, 1965ರ ಮತದಾನ ಹಕ್ಕು ಕಾಯ್ದೆ ಬರುವವರೆಗೂ ದಕ್ಷಿಣದ ಬಿಳಿಯರ ಕೈಯಲ್ಲೇ ಇತ್ತು.